ಅವ್ವನ ಕಾಗದ, ಮುಳ್ಳುತಂತಿ, ಸೋಪು

ಹೋದ ಮಳೆಗಾಲ ನಾನು ಓದಿದ ಹಾಸ್ಟೆಲಿಗೆ ಹೋಗಿದ್ದೆ. ಹಳೇ ಗೆಳೆಯರು ಏಳೆಂಟು ಜನ ಸೇರಿ, ಟ್ರಂಕಿನ ಮೇಲೆ ಒಂದು ಲ್ಯಾಪ್‌ಟಾಪ್ ಇಟ್ಟುಕೊಂಡು, 15 ನಿಮಿಷದ ಒಂದು ವಿಡಿಯೋ ಚಿತ್ರ ನೋಡಿದೆವು. ಪ್ಯಾಲೆಸ್ತೀನಿ ಕಲಾವಿದೆ ಮೋನಾ ಹಾತೂಮ್ 1988ರಲ್ಲಿ ಮಾಡಿದ್ದು. ಹೆಸರು 'ಮೆಷರ್ಸ್ ಆಫ್ ಡಿಸ್ಟನ್ಸ್'. ದೂರದ ಅಳತೆಗಳು ಅಂತ ಇಟ್ಟುಕೊಳ್ಳಿ. ಚಿತ್ರ ಮುಗೀತು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ನಮ್ಮೊಳಗೇ ಹೆಚ್ಚು ಲಾಠಿ ಏಟು ತಿಂದಿರುವ ಗೆಳೆಯ ಎದ್ದು ಪ್ಯಾಂಟು ಕೊಡವಿಕೊಂಡು ಅಂದ: "ಇದ್ರಲ್ಲಿ ಹೋರಾಟ ಎಲ್ಲೈತಯ್ಯಾ? ತಾಯಿ ಸ್ನಾನ ಮಾಡ್ತಾಳೆ, ಮಗಳು ಕಾಗ್ದ ಓದ್ತಾಳೆ. ಅಷ್ಟೆ. ಬಾಂಬು ಬೀಳೋ ಊರಿಂದ ಬಂದೋಳು ತೋರಿಸೋದು ಇದನ್ನಾ?"

ಇನ್ನೊಬ್ಬ ಇದ್ದ. ವಿಮರ್ಶೆಯ ಪುಸ್ತಕಗಳನ್ನು ಚೆನ್ನಾಗಿ ಅರೆದು ಕುಡಿದವನು. ಅವನು ಹೇಳಿದ್ದು ಬೇರೆ: "ಇದನ್ನ ಪ್ಯಾಲೆಸ್ತೀನಿಗೆ ಕಟ್ಟಿಹಾಕಬಾರದು. ತಾಯಿ ಮಗಳ ನಡುವಿನ ಅಂತರ ಸಾರ್ವಕಾಲಿಕವಾದದ್ದು. ರಾಜಕೀಯ ಇಲ್ಲಿ ಕೇವಲ ಹಿನ್ನೆಲೆ."

ಈ ಇಬ್ಬರೂ ತಪ್ಪು ಹೇಳಿದರು ಅಂತ ನನ್ನ ವಾದ. ಮೊದಲನೆಯವನ ತಪ್ಪನ್ನು ನಾನು ಗೌರವಿಸುತ್ತೇನೆ, ಎರಡನೆಯವನ ತಪ್ಪಿಗೆ ನನ್ನಲ್ಲಿ ಅಷ್ಟು ತಾಳ್ಮೆ ಇಲ್ಲ. ಅವತ್ತು ಹಾಸ್ಟೆಲಿನಲ್ಲಿ ಸರಿಯಾಗಿ ಉತ್ತರ ಕೊಡಲಿಕ್ಕೆ ಆಗಲಿಲ್ಲ, ಗಂಟಲು ಕಟ್ಟಿತ್ತು. ಅದಕ್ಕೆ ಇಲ್ಲಿ ಬರೀತಾ ಇದ್ದೇನೆ.

ಮೊದಲು ಚಿತ್ರದಲ್ಲಿ ಏನಿದೆ ಅನ್ನೋದನ್ನ ಹೇಳಿಬಿಡಬೇಕು. ಎಷ್ಟೋ ವಿಮರ್ಶೆಗಳಲ್ಲಿ ಕೃತಿಯೇ ಕಾಣೋದಿಲ್ಲ, ವಿಮರ್ಶಕನೇ ಕಾಣ್ತಾನೆ.

ತೆರೆಯ ಮೇಲೆ ಮೊದಲು ಏನೂ ಗೊತ್ತಾಗೋದಿಲ್ಲ. ಬಣ್ಣದ ಕಲೆಗಳು, ನೆರಳು. ಅದರ ಮೇಲೆ ಅರಬ್ಬೀ ಕೈಬರಹ, ಒಂದರ ಕೆಳಗೊಂದು ಸಾಲು. ನಿಧಾನಕ್ಕೆ ಆ ಸಾಲುಗಳ ಹಿಂದೆ ಒಂದು ಮೈ ಕಾಣುತ್ತದೆ. ನೀರಿನ ಕೆಳಗೆ ನಿಂತ, ವಯಸ್ಸಾದ ಒಬ್ಬ ಹೆಂಗಸಿನ ತುಂಬು ಮೈ. ಅವಳು ಕಲಾವಿದೆಯ ತಾಯಿ. 1981ರಲ್ಲಿ ಮಗಳು ಲಂಡನ್ನಿನಿಂದ ಬೈರೂತಿಗೆ ಬಂದಿದ್ದಾಗ ಬಚ್ಚಲುಮನೆಯಲ್ಲಿ ತೆಗೆದ ಫೋಟೋಗಳು ಅವು. ಮೇಲೆ ಓಡುತ್ತಿರುವ ಬರಹ ಆ ತಾಯಿಯೇ ಮಗಳಿಗೆ ಬರೆದ ಕಾಗದಗಳದ್ದು. ಅಂದರೆ ತಾಯಿಯ ಅಕ್ಷರದ ಪರದೆಯ ಹಿಂದೆ ತಾಯಿಯ ಮೈ. ಪರದೆ ಅಂದೆ, ಕೆಲವೊಮ್ಮೆ ಅದು ಪರದೆಯ ಹಾಗೆ ಮಾನ ಮುಚ್ಚುತ್ತದೆ. ಇನ್ನು ಕೆಲವೊಮ್ಮೆ ಅದೇ ಅಕ್ಷರಗಳು ಕೊಕ್ಕೆ ಕೊಕ್ಕೆಯಾಗಿ ಗಡಿಯಲ್ಲಿ ಎಳೆದ ಮುಳ್ಳುತಂತಿಯಾಗುತ್ತವೆ. ನಾವು ಈ ಕಡೆ, ಅವಳು ಆ ಕಡೆ. ಅಕ್ಷರ ದಾಟಿ ಹೋಗೋ ಹಾಗಿಲ್ಲ.

ಕಿವಿಗೆ ಬೀಳುವುದು ಎರಡು ದನಿ. ಒಂದು, ಮಗಳ ದನಿ. ತಾಯಿಯ ಕಾಗದಗಳನ್ನು ಇಂಗ್ಲಿಷಿಗೆ ಮಾಡಿಕೊಂಡು ಓದುತ್ತಾಳೆ. ಏರಿಳಿತವಿಲ್ಲದ, ಬತ್ತಿದ ದನಿ. ಇನ್ನೊಂದು, ಅದರ ಹಿಂದೆ ಟೇಪಿನಲ್ಲಿ ತಾಯಿ ಮಗಳು ಕೂತು ಅರಬ್ಬಿಯಲ್ಲಿ ಆಡಿದ ಮಾತು. ಅದನ್ನು ಅನುವಾದ ಮಾಡಿಲ್ಲ. ಅಲ್ಲಿ ಗಲಗಲ ನಗು ಇದೆ, ಚೇಷ್ಟೆ ಇದೆ, ಒಬ್ಬರ ಮಾತಿನ ಮೇಲೊಬ್ಬರು ಬೀಳೋದಿದೆ. ಇಬ್ಬರೂ ಗಂಡು ಹೆಣ್ಣಿನ ವಿಷಯ ಮಾತಾಡ್ತಾರೆ, ಮುಟ್ಟಿನ ವಿಷಯ, ಮದುವೆಯ ವಿಷಯ. ಇದು ನಮಗೆ ಕಾಗದಗಳಿಂದ ತಿಳಿಯುತ್ತದೆ.

ಗಮನಿಸಬೇಕಾದ್ದು ಇಲ್ಲಿದೆ. ಇಂಗ್ಲಿಷ್ ಮಾತ್ರ ಬಲ್ಲವನಿಗೆ ಸಿಗೋದು ದುಃಖದ ತಾಯಿ. ಅರಬ್ಬಿ ಬಲ್ಲವರಿಗೆ ಸಿಗೋದು ನಗುವ ತಾಯಿಯೂ ಕೂಡ. ಯಜಮಾನನ ಭಾಷೆಗೆ ನಮ್ಮವರ ಬದುಕನ್ನು ದಾಟಿಸುವಾಗ ನೋವು ಮಾತ್ರ ದಾಟುತ್ತದೆ, ನಗು ಆಚೆ ದಡದಲ್ಲೇ ಉಳಿಯುತ್ತದೆ. ಲಂಡನ್ನಿನ, ನ್ಯೂಯಾರ್ಕಿನ ಗ್ಯಾಲರಿಗಳಿಗೆ ಬೇಕಾದ್ದೂ ನೋವು ಮಾತ್ರವೇ. ಅರಬ್ ಹೆಂಗಸು ಅಂದರೆ ಬುರ್ಖಾದೊಳಗೆ ಅಳ್ತಾ ಕೂತವಳು ಅಂತ ಅವರ ಲೆಕ್ಕ. ಹಾತೂಮ್ ಆ ಲೆಕ್ಕವನ್ನು ಕಲಕಿದ್ದಾಳೆ. ನಿಮಗೆ ಕೊಡೋದು ಇಷ್ಟೇ, ಉಳಿದದ್ದು ನಮ್ಮ ನಮ್ಮೊಳಗೆ ಅಂದಿದ್ದಾಳೆ. ನನಗೆ ಅರಬ್ಬಿ ಬಾರದು. ಆದರೂ ಹಾಸ್ಟೆಲಿನ ಆ ಕೋಣೆಯಲ್ಲಿ ನನಗೆ ಮೊದಲು ಕೇಳಿಸಿದ್ದು ಆ ನಗು. ನಮ್ಮವ್ವ, ಚಿಕ್ಕವ್ವ ಒಲೆ ಮುಂದೆ ಕೂತು, ನಾನು ಒಳಗೆ ಬಂದ ತಕ್ಷಣ ನಿಲ್ಲಿಸಿಬಿಡ್ತಿದ್ದರಲ್ಲ, ಆ ನಗುವಿನ ಥರವೇ ಇತ್ತು.

ಇನ್ನು ಯಾರಿವಳು ಅನ್ನೋದು. ಅಪ್ಪ ಅಮ್ಮ ಹೈಫಾ ಊರಿನವರು. 1917ರ ಬಾಲ್‌ಫೋರ್ ಘೋಷಣೆಯಿಂದ ಹಿಡಿದು 1948ರ ಮೇ ತಿಂಗಳವರೆಗೆ ಬ್ರಿಟಿಷರು ಆ ನಾಡಿನಲ್ಲಿ ಆಡಿದ ಆಟ ಇತಿಹಾಸ ಓದಿದವರಿಗೆ ಗೊತ್ತು. ಹೈಫಾ 1948ರ ಏಪ್ರಿಲ್‌ನಲ್ಲಿ ಯಹೂದಿ ಪಡೆಗಳ ಕೈಗೆ ಬಿತ್ತು. ಆ ಹೊತ್ತಿನಲ್ಲಿ ಮನೆಮಠ ಕಳೆದುಕೊಂಡ ಪ್ಯಾಲೆಸ್ತೀನಿಯರು ಏಳು ಲಕ್ಷಕ್ಕೂ ಹೆಚ್ಚು. ಅರಬ್ಬಿಯಲ್ಲಿ ಅದನ್ನ ನಕ್ಬಾ ಅಂತಾರೆ, ಮಹಾದುರಂತ. ಈ ಕುಟುಂಬ ಲೆಬನಾನಿಗೆ ಬಂತು. 1952ರಲ್ಲಿ ಮೋನಾ ಹುಟ್ಟಿದ್ದು ಬೈರೂತಿನಲ್ಲಿ. ಹುಟ್ಟಿದ ಊರಿನಲ್ಲೂ ಗುರುತಿನ ಚೀಟಿ ಸಿಗಲಿಲ್ಲ. ಲೆಬನಾನಿಗೆ ಬಂದ ಬಹುಪಾಲು ಪ್ಯಾಲೆಸ್ತೀನಿಯರಿಗೆ ಆದದ್ದೇ ಇದು. ಆದರೆ ಅಪ್ಪ ಬ್ರಿಟಿಷ್ ರಾಯಭಾರ ಕಛೇರಿಯಲ್ಲಿ ನೌಕರನಾಗಿದ್ದರಿಂದ ಮನೆಯವರಿಗೆ ಬ್ರಿಟಿಷ್ ಪಾಸ್‌ಪೋರ್ಟು ಇತ್ತು. ನೆಲ ಕಸಿಯೋದಕ್ಕೆ ದಾರಿ ಮಾಡಿಕೊಟ್ಟವನೇ ಕೈಗೊಂದು ಪಾಸ್‌ಪೋರ್ಟು ಕೊಡ್ತಾನೆ! 1975ರಲ್ಲಿ ಅವಳು ಸುಮ್ಮನೆ ನೋಡಿಬರೋಣ ಅಂತ ಲಂಡನ್ನಿಗೆ ಹೋಗಿದ್ದಾಗ ಲೆಬನಾನಿನ ಅಂತರ್ಯುದ್ಧ ಶುರುವಾಯಿತು. ವಾಪಸು ಹೋಗೋ ದಾರಿ ಮುಚ್ಚಿತು. ಅಲ್ಲೇ ಉಳಿದು ಚಿತ್ರಕಲಾ ಶಾಲೆಗಳಲ್ಲಿ ಓದಿದಳು. ತಂದೆ ತಾಯಿಯದು ಒಂದು ಗಡೀಪಾರು, ಮಗಳದ್ದು ಎರಡನೆಯದು.

ಒಂದು ಮಾತು ಮುಚ್ಚಿಡದೆ ಹೇಳಬೇಕು. ಇವಳು ನಿರಾಶ್ರಿತರ ಶಿಬಿರದ ತಗಡಿನ ಕೆಳಗೆ ಬೆಳೆದವಳಲ್ಲ. ಓದುಬರಹ ಬಲ್ಲ, ಉದ್ಯೋಗವಿದ್ದ ಮನೆಯವಳು. ಕಾಗದ ಬರೆಯಬಲ್ಲ ತಾಯಿ ಇರೋದೂ ಒಂದು ಆಸ್ತಿಯೇ. ನಮ್ಮವ್ವನಿಗೆ ಅಕ್ಷರ ಬಾರದು. ಓದಲಿಕ್ಕೆ ನಾನು ಊರು ಬಿಟ್ಟು ಬಂದು ಹತ್ತು ವರ್ಷವಾಯಿತು, ಅವಳ ಕೈಬರಹದ ಒಂದು ಸಾಲೂ ನನ್ನ ಹತ್ತಿರ ಇಲ್ಲ. ಫೋನಿನಲ್ಲಿ "ಉಂಡ್ಯಾ?" ಅಂತಾಳೆ, "ಉಂಡೆ" ಅಂತೀನಿ. ಅಲ್ಲಿಗೆ ಮುಗೀತು. ಹಾತೂಮಳ ತಾಯಿ ಮಗಳಿಗೆ ಹೇಳಿದಷ್ಟನ್ನು ನಮ್ಮವ್ವ ಹೇಳಲಾರಳು, ನಾನು ಕೇಳಲಾರೆ. ಇದನ್ನ ಅಸೂಯೆಯಿಂದಲೇ ಬರೀತಿದ್ದೇನೆ. ಆದರೆ ಕಲಾವಿದೆಯ ವರ್ಗ ಯಾವುದು ಅಂತ ಕೇಳಿ ಅಲ್ಲಿಗೇ ನಿಂತುಬಿಟ್ಟರೆ ಅದು ವಿಮರ್ಶೆಯಲ್ಲ, ಪಹಣಿ ಪರಿಶೀಲನೆ.

ಈಗ ಗೆಳೆಯನ ಪ್ರಶ್ನೆಗೆ ಬರ್ತೇನೆ. ಹೋರಾಟ ಎಲ್ಲಿದೆ?

ಅವನ ಮನಸ್ಸಿನಲ್ಲಿದ್ದದ್ದು ಬೇರೊಂದು ಬಗೆಯ ಸಿನಿಮಾ. ಅದೂ ಪ್ಯಾಲೆಸ್ತೀನಿನಲ್ಲಿ ಇತ್ತು, ಬಲವಾಗೇ ಇತ್ತು. 1968ರ ಸುಮಾರಿಗೆ ಮುಸ್ತಫಾ ಅಬು ಅಲಿ, ಹಾನಿ ಜವ್ಹರಿಯ್ಯೆ, ಸುಲಾಫಾ ಜಾದಲ್ಲಾ ಎಂಬ ಮೂವರು ಸೇರಿ ವಿಮೋಚನಾ ಚಳುವಳಿಯ ಒಳಗೇ ಒಂದು ಸಿನಿಮಾ ಘಟಕ ಕಟ್ಟಿದರು. ಸುಲಾಫಾ ಹೆಂಗಸು, ಕ್ಯಾಮೆರಾ ಹಿಡಿದವಳು. ಜೋರ್ಡಾನಿನಿಂದ ಹೊಡೆದಟ್ಟಿದ ಮೇಲೆ ಘಟಕ ಬೈರೂತಿಗೆ ಬಂತು. 1974ರಲ್ಲಿ ಅಬು ಅಲಿ ಮಾಡಿದ ಚಿತ್ರದ ಹೆಸರು 'ಅವರು ಅಸ್ತಿತ್ವದಲ್ಲಿಲ್ಲ'. ಪ್ಯಾಲೆಸ್ತೀನಿಯರು ಅಂತ ಒಂದು ಜನವೇ ಇರಲಿಲ್ಲ ಎಂದು ಇಸ್ರೇಲಿನ ಪ್ರಧಾನಿ ಗೋಲ್ಡಾ ಮೇಯರ್ ಆಡಿದ್ದ ಮಾತಿಗೆ ಕೊಟ್ಟ ಪೆಟ್ಟು ಆ ಹೆಸರು. ಅದರಲ್ಲೂ ಒಂದು ಕಾಗದ ಬರುತ್ತದೆ. ದಕ್ಷಿಣ ಲೆಬನಾನಿನ ನಬಾತಿಯೆ ಶಿಬಿರದ ಒಬ್ಬ ಹುಡುಗಿ, ತಾನು ನೋಡೇ ಇರದ ಒಬ್ಬ ಹೋರಾಟಗಾರನಿಗೆ ಉಡುಗೊರೆಯ ಜೊತೆ ಕಾಗದ ಕಳಿಸುತ್ತಾಳೆ. ಕಾಗದ ಅವನ ಕೈ ಸೇರುತ್ತದೆ. ಆಮೇಲೆ ವಿಮಾನಗಳು ಬಂದು ಆ ಶಿಬಿರದ ಮೇಲೆ ಬಾಂಬು ಹಾಕುತ್ತವೆ.

ಹಾನಿ ಜವ್ಹರಿಯ್ಯೆ 1976ರಲ್ಲಿ ಚಿತ್ರ ತೆಗೀತಾ ಇರುವಾಗಲೇ ಸತ್ತ. 1982ರ ಜೂನ್‌ನಲ್ಲಿ ಇಸ್ರೇಲಿ ಸೈನ್ಯ ಲೆಬನಾನಿಗೆ ನುಗ್ಗಿತು, ಬೈರೂತಿಗೆ ಮುತ್ತಿಗೆ ಹಾಕಿತು. ಸೆಪ್ಟೆಂಬರಿನಲ್ಲಿ ಸಬ್ರಾ ಮತ್ತು ಶತೀಲಾದ ಹತ್ಯಾಕಾಂಡ ನಡೆಯಿತು. ಹೋರಾಟದ ಆ ಸಿನಿಮಾಗಳ ಸಂಗ್ರಹ ಆ ಕಾಲದಲ್ಲೇ ಕಣ್ಮರೆಯಾಯಿತು. ಒಂದು ಜನದ ಕಣ್ಣನ್ನೇ ಕಿತ್ತ ಹಾಗೆ.

ಹುಡುಗಿಯ ಕಾಗದ 1974ರಲ್ಲಿ ತಲುಪುತ್ತಿತ್ತು. 1988ರ ಹೊತ್ತಿಗೆ ತಾಯಿಯ ಕಾಗದ ತಲುಪೋದೇ ಅನುಮಾನ. ಈ ಎರಡು ಕಾಗದಗಳ ನಡುವೆ ನಡೆದದ್ದು ಏನು ಅಂತ ಕೇಳಿಕೊಂಡರೆ, ಹಾತೂಮಳ ತೆರೆ ಯಾಕೆ ಹೀಗೆ ಮಸುಕಾಗಿದೆ, ಚೂರುಚೂರಾಗಿದೆ ಅನ್ನೋದು ತಿಳಿಯುತ್ತದೆ. ಇದು ಯುರೋಪಿನಲ್ಲಿ ಕಲಿತ ಪ್ರಯೋಗದ ಶೋಕಿ ಅಂತ ನಾನೂ ಮೊದಲು ಅಂದುಕೊಂಡಿದ್ದೆ. ಅಲ್ಲ. ನೆಟ್ಟಗೆ ಕತೆ ಹೇಳಬೇಕಾದರೆ ಕಾಲ ಕೆಳಗೆ ನೆಲ ಇರಬೇಕು. ಹೀರೋ ಬೇಕು, ಶತ್ರು ಎದುರಿಗೆ ಕಾಣಬೇಕು, ಕೊನೆಯಲ್ಲಿ ಹೋಗಲಿಕ್ಕೆ ಒಂದು ದಿಕ್ಕು ಬೇಕು. 1982ರ ಮೇಲೆ ಇವಳಿಗೆ ಉಳಿದದ್ದು ಕೆಲವು ಫೋಟೋ, ಒಂದು ಟೇಪು, ಒಂದು ಕಟ್ಟು ಕಾಗದ. ಅಷ್ಟನ್ನೇ ಒಂದರ ಮೇಲೊಂದು ಇಟ್ಟಿದ್ದಾಳೆ.

ಅವಳು ನೇರವಾಗಿ ಕಿರುಚಿದ್ದೂ ಉಂಟು. 1982ರಲ್ಲಿ, ಆ ದಾಳಿಗೆ ಇನ್ನೊಂದು ವಾರ ಇದೆ ಅನ್ನುವಾಗ, ಇಂಗ್ಲೆಂಡಿನ ಪೋರ್ಟ್ಸ್‌ಮತ್ ಊರಿನ ಆಸ್ಪೆಕ್ಸ್ ಗ್ಯಾಲರಿಯಲ್ಲಿ 'ಅಂಡರ್ ಸೀಜ್' ಎಂಬ ಪ್ರದರ್ಶನ ಮಾಡಿದಳು. ಮುತ್ತಿಗೆಯಲ್ಲಿ, ಅಂತ ಅರ್ಥ. ಪಾರದರ್ಶಕ ಪೆಟ್ಟಿಗೆಯೊಂದರೊಳಗೆ ಮೈಗೆಲ್ಲಾ ಜೇಡಿಮಣ್ಣು ಮೆತ್ತಿಕೊಂಡು ಏಳೋದು, ಜಾರಿ ಬೀಳೋದು, ಮತ್ತೆ ಏಳೋದು. ಏಳು ಗಂಟೆ ಕಾಲ. ಸುತ್ತ ಹೋರಾಟದ ಹಾಡು, ರೇಡಿಯೋ ಸುದ್ದಿ, ಮೂರು ಭಾಷೆಯಲ್ಲಿ ಹೇಳಿಕೆಗಳು. ಮಾರನೇ ವರ್ಷ 'ನೆಗೋಷಿಯೇಟಿಂಗ್ ಟೇಬಲ್': ಮೇಜಿನ ಮೇಲೆ ರಕ್ತ, ಕರುಳು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಮೈಯಾಗಿ ಅವಳೇ ಮಲಗಿದ್ದಳು. ಸುತ್ತ ಖಾಲಿ ಕುರ್ಚಿಗಳು. ಶಾಂತಿಯ ಬಗ್ಗೆ ದೊಡ್ಡವರ ಭಾಷಣ ಕೇಳಿಬರುತ್ತಿತ್ತು. ಸಂಧಾನದ ಮೇಜಿನ ಮೇಲೆ ಇರೋದು ಏನು, ಯಾರ ಮೈ, ಅನ್ನೋದನ್ನ ಇದಕ್ಕಿಂತ ಸರಳವಾಗಿ ಹೇಳಲಿಕ್ಕೆ ಆಗಲ್ಲ. ಅದೇ 1983ರಲ್ಲಿ ವ್ಯಾಂಕೂವರಿನಿಂದ ವಿಯೆನ್ನಾಕ್ಕೆ ಫೋನಿನ ತಂತಿಯ ಮೂಲಕ ಚಿತ್ರ ಕಳಿಸಿದಳು. ಕೆಲವು ಸೆಕೆಂಡಿಗೊಂದು ಸ್ಥಿರಚಿತ್ರ, ಪ್ರತಿಯೊಂದರಲ್ಲೂ ಗಂಡಸಿನ ಕೈಗಳು ಅವಳ ಬಾಯಿ ಮುಚ್ಚುತ್ತಿವೆ, ದನಿ ಮಾತ್ರ ಹೇಳಬೇಕಾದ್ದು ಬಹಳ ಇದೆ ಅಂತ ಹೇಳುತ್ತಲೇ ಇದೆ.

ನನಗೆ ಬಹಳ ಹಿಡಿಸಿದ್ದು 1985ರ 'ರೋಡ್‌ವರ್ಕ್ಸ್'. ಇದು ಗ್ಯಾಲರಿಯೊಳಗಿನದಲ್ಲ, ಬೀದಿಯದು. ಲಂಡನ್ನಿನ ಬ್ರಿಕ್ಸ್‌ಟನ್ ಕಪ್ಪು ಜನ ಹೆಚ್ಚಾಗಿರುವ, ಕೂಲಿಕಾರರ ಬಡಾವಣೆ. ಪೊಲೀಸರ ದಬ್ಬಾಳಿಕೆಯ ವಿರುದ್ಧ 1981ರಲ್ಲಿ ಅಲ್ಲಿ ದಂಗೆ ಎದ್ದಿತ್ತು, 1985ರಲ್ಲಿ ಮತ್ತೆ. ಆ ಬೀದಿಗಳಲ್ಲಿ ಹಾತೂಮ್ ಬರಿಗಾಲಿನಲ್ಲಿ ನಡೆದಳು. ಹಿಂದೆ ಎರಡು ಭಾರೀ ಕರೀ ಬೂಟು, ಲೇಸಿನಿಂದ ಕಾಲಿನ ಮಣಿಕಟ್ಟಿಗೆ ಕಟ್ಟಿದ್ದು, ನೆಲಕ್ಕೆ ಬಡಿಯುತ್ತಾ ಎಳೆದುಕೊಂಡು ಬರ್ತಿದ್ದವು. ಅದು ಪೊಲೀಸರು ಹಾಕುವ ಬೂಟು, ಕರಿಯರನ್ನು ಹೊಡೆಯಲಿಕ್ಕೆ ಬರ್ತಿದ್ದ ಬೋಳುತಲೆ ಪುಂಡರು ಹಾಕುವ ಬೂಟೂ ಅದೇ. ಇವಳ ಹಿಂದೆ ಯಾರೋ ಬರ್ತಿದ್ದಾರೆ ಅಂತ ರಸ್ತೆಯಲ್ಲಿದ್ದ ಜನ ಆಡಿಕೊಂಡರಂತೆ. ಇದಕ್ಕಿಂತ ಒಳ್ಳೆಯ ವಿಮರ್ಶೆ ಆ ಕೃತಿಗೆ ಬಂದಿಲ್ಲ ಅಂತ ನನಗನ್ನಿಸುತ್ತದೆ. ಒಂದು ಪದದ ವಿವರಣೆ ಇಲ್ಲದೆ ಜನಕ್ಕೆ ಅರ್ಥವಾಯಿತು. 'ಪ್ರಯೋಗ ಜನಕ್ಕೆ ತಿಳಿಯೋಲ್ಲ' ಅನ್ನೋದು ಜನರನ್ನು ಕೇಳದೇ ನಾವೇ ಹೊರಡಿಸಿದ ತೀರ್ಪು.

ಮತ್ತೆ ತಾಯಿಯ ಕಾಗದಕ್ಕೆ ಬರೋಣ. ಹೋರಾಟ ಎಲ್ಲಿದೆ ಅನ್ನೋ ಪ್ರಶ್ನೆಗೆ ನಿಜವಾದ ಉತ್ತರ ಅಲ್ಲೇ ಇದೆ.

ಆ ಫೋಟೋಗಳನ್ನು ತೆಗೆಯುವಾಗ ಅಪ್ಪ ಬಂದು ನೋಡಿ ಸಿಟ್ಟಾಗುತ್ತಾನೆ. ಆಮೇಲೂ ಅದನ್ನೇ ಎತ್ತಿ ಎತ್ತಿ ಆಡುತ್ತಾನೆ. ತನಗೆ ಸೇರಿದ ಜಮೀನಿಗೆ ಮಗಳು ಕೇಳದೇ ಕಾಲಿಟ್ಟಳು ಅನ್ನೋ ಹಾಗೆ ನಿಮ್ಮಪ್ಪ ಆಡ್ತಾನೆ, ಎಂಬ ಅರ್ಥದಲ್ಲಿ ತಾಯಿ ಬರೆಯುತ್ತಾಳೆ. ಓದುಗರೇ, ಇಲ್ಲಿ ಒಂದು ಕ್ಷಣ ನಿಲ್ಲಿ. ಜಮೀನು ಕಳೆದುಕೊಂಡು ಬಂದ ಗಂಡಸು ಅವನು. ಹೈಫಾದ ಮನೆ ಹೋಯಿತು, ನೆಲ ಹೋಯಿತು, ಹುಟ್ಟಿದ ನಾಡಿನ ಹೆಸರೇ ನಕಾಶೆಯಿಂದ ಹೋಯಿತು. ಉಳಿದ ಜಮೀನು ಒಂದೇ, ಹೆಂಡತಿಯ ಮೈ. ಅದರ ಸುತ್ತ ಅವನು ಬೇಲಿ ಹಾಕುತ್ತಾನೆ. ತಾಯಿ ಏನು ಮಾಡುತ್ತಾಳೆ? ಬಳಸಿಕೋ ಮಗಳೇ, ಅಪ್ಪನಿಗೆ ಮಾತ್ರ ಹೇಳಬೇಡ ಅನ್ನುತ್ತಾಳೆ. ಆ ಮಾತುಕತೆ ಆದ ಮೇಲೆ ನಾವಿಬ್ಬರೂ ಅಕ್ಕತಂಗಿಯರ ಹಾಗೆ ಆದೆವು ಅನ್ನುತ್ತಾಳೆ. ಅದೇ ತಾಯಿ ಇನ್ನೊಂದು ಕಡೆ 1948ರ ಬಗ್ಗೆ ಬರೆಯುತ್ತಾ, ಹೋದದ್ದು ನೆಲ ಆಸ್ತಿ ಮಾತ್ರ ಅಲ್ಲ, ನಾವು ಯಾರು ಅನ್ನೋ ಹೆಮ್ಮೆಯೂ ಹೋಯಿತು, ಆತ್ಮವನ್ನೇ ಬೆತ್ತಲೆ ಮಾಡಿದ ಹಾಗಾಯಿತು ಅನ್ನುತ್ತಾಳೆ.

ಬೆತ್ತಲೆ ಅನ್ನೋ ಮಾತು ಎರಡು ಸಲ ಬಂತು, ಎರಡು ಅರ್ಥದಲ್ಲಿ. ನಾಡು ಕಸಿದವರು ಮಾಡಿದ ಬೆತ್ತಲೆ ಒಂದು. ಮಗಳ ಮುಂದೆ ತಾನೇ ಒಪ್ಪಿ ನಿಂತ ಬೆತ್ತಲೆ ಇನ್ನೊಂದು. ಮೊದಲನೆಯದು ಅವಮಾನ, ಎರಡನೆಯದು ಅವಳ ಸ್ವಂತ ತೀರ್ಮಾನ. ಇಷ್ಟನ್ನು ಅರ್ಥ ಮಾಡಿಕೊಳ್ಳದೆ ನಮ್ಮ ಗೆಳೆಯ 'ತಾಯಿ ಸ್ನಾನ ಮಾಡ್ತಾಳೆ ಅಷ್ಟೆ' ಅಂದದ್ದು. ಹೊರಗಿನ ಸೈನ್ಯದ ವಿರುದ್ಧ ಮಾತಾಡೋದು ಸುಲಭ. ಅದೇ ಉಸಿರಿನಲ್ಲಿ ಸ್ವಂತ ಅಪ್ಪನ ಯಜಮಾನಿಕೆಯನ್ನೂ ಎತ್ತಿ ತೋರಿಸೋದು, ಅದೂ ಶತ್ರು ಕಿವಿಗೊಟ್ಟು ಕೇಳ್ತಾ ಇದ್ದಾನೆ ಅಂತ ಗೊತ್ತಿದ್ದೂ ತೋರಿಸೋದು, ಕಷ್ಟ. 'ಈಗ ಬೇಡ, ಮೊದಲು ನಾಡು ಬರಲಿ' ಅಂತ ಎಲ್ಲಾ ಚಳುವಳಿಗಳಲ್ಲೂ ಹೆಂಗಸರಿಗೆ ಹೇಳ್ತಾ ಬಂದಿದ್ದಾರೆ. ಹಾತೂಮ್ ಈಗಲೇ ಅಂದಳು. ಆದರೂ ಅಪ್ಪನನ್ನು ರಾಕ್ಷಸ ಮಾಡಲಿಲ್ಲ. ಅವನೂ ನೆಲ ಕಳೆದುಕೊಂಡವನೇ ಅನ್ನೋದನ್ನ ಮರೆಯಲಿಲ್ಲ.

ರಾಜಕೀಯ ಬರೀ ಹಿನ್ನೆಲೆ ಅಂದ ಇನ್ನೊಬ್ಬನಿಗೆ ಒಂದೇ ಪ್ರಶ್ನೆ. 1948 ಇಲ್ಲದಿದ್ದರೆ, 1975 ಇಲ್ಲದಿದ್ದರೆ, ಈ ತಾಯಿ ಮಗಳಿಗೆ ಕಾಗದ ಬರೆಯೋ ಅಗತ್ಯವೇ ಏನಿತ್ತು? ಪಕ್ಕದ ಕೋಣೆಯಿಂದ ಕೂಗಿದ್ದರೆ ಸಾಕಾಗ್ತಿತ್ತು.

ಇಷ್ಟು ಹೊಗಳಿದ ಮೇಲೆ ನನ್ನ ತಕರಾರನ್ನೂ ಹೇಳಬೇಕು. ತೊಂಬತ್ತರ ದಶಕದಿಂದ ಹಾತೂಮ್ ವಿಡಿಯೋ ಬಿಟ್ಟು ಹೆಚ್ಚಾಗಿ ಇನ್‌ಸ್ಟಲೇಶನ್ ಕಡೆ ಹೋದಳು. ಅಂದರೆ ಒಂದು ಇಡೀ ಕೋಣೆಯನ್ನೇ ಕೃತಿಯಾಗಿ ಕಟ್ಟೋದು, ನೋಡುವವರು ಅದರೊಳಗೆ ನಡೆಯೋದು. ಇವನ್ನು ನಾನು ಕಂಡದ್ದು ಫೋಟೋಗಳಲ್ಲಿ, ವಿಡಿಯೋ ತುಣುಕುಗಳಲ್ಲಿ. ಲಂಡನ್ನಿಗೆ ಹೋಗಿ ನೋಡೋ ಯೋಗ್ಯತೆ ನನ್ನ ಜೇಬಿಗಿಲ್ಲ. 1992ರ 'ಲೈಟ್ ಸೆಂಟೆನ್ಸ್' ನೋಡಿ: ತಂತಿಬಲೆಯ 36 ಲಾಕರುಗಳು, ಕೋಳಿಗೂಡಿನ ಹಾಗೆ ಒಂದರ ಮೇಲೊಂದು. ನಡುವೆ ಒಂದೇ ಒಂದು ಬರೀ ಬಲ್ಬು, ಮೋಟಾರಿನಿಂದ ನಿಧಾನಕ್ಕೆ ಮೇಲೆ ಕೆಳಗೆ ಆಡುತ್ತದೆ. ಗೋಡೆಯ ಮೇಲೆಲ್ಲಾ ಬಲೆಯ ನೆರಳು ಹೊಯ್ದಾಡಿ, ಒಳಗೆ ಹೋದವರಿಗೆ ನೆಲವೇ ಅಲುಗಾಡಿದ ಹಾಗಾಗುತ್ತದಂತೆ. ಹೆಸರಿನಲ್ಲಿ ಶ್ಲೇಷೆ ಇದೆ: ಹಗುರವಾದ ಶಿಕ್ಷೆ ಅಂತಲೂ ಆಗುತ್ತದೆ, ಬೆಳಕಿನ ವಾಕ್ಯ ಅಂತಲೂ ಆಗುತ್ತದೆ. ಜೈಲನ್ನು ತೋರಿಸದೆ ಜೈಲಿನಲ್ಲಿ ನಿಲ್ಲಿಸೋದು ಅಂದರೆ ಇದು. 2000ದ 'ಹೋಮ್‌ಬೌಂಡ್' ಇನ್ನೂ ಗಟ್ಟಿ. ಅಡಿಗೆಮನೆಯ ಪಾತ್ರೆ, ಜರಡಿ, ತುರಿಯುವ ತಗಡು, ಮೇಜು ಕುರ್ಚಿ, ಮಂಚ, ಎಲ್ಲಕ್ಕೂ ಕರೆಂಟಿನ ತಂತಿ ಬಿಗಿದಿದೆ. ಬಲ್ಬುಗಳು ಹತ್ತುತ್ತವೆ, ಆರುತ್ತವೆ. ಕರೆಂಟು ಹರಿಯುವ ಗುಂಯ್‌ಗುಡುವ ಸದ್ದು ದೊಡ್ಡದಾಗಿ ಕೇಳುತ್ತದೆ. ಮುಂದೆ ಅಡ್ಡ ತಂತಿ, ಒಳಗೆ ಹೋಗೋ ಹಾಗಿಲ್ಲ. ಮನೆ ಅಂದರೆ ಬೆಚ್ಚಗಿನ ಜಾಗ ಅಂತ ಬರೆಯೋ ಕವಿಗಳೆಲ್ಲಾ ಇದರ ಮುಂದೆ ಹತ್ತು ನಿಮಿಷ ನಿಲ್ಲಬೇಕು. ಅದೇ ವರ್ಷ ಅವಳ ಲಂಡನ್ ಪ್ರದರ್ಶನಕ್ಕೆ ಎಡ್ವರ್ಡ್ ಸಯೀದ್ ಒಂದು ಲೇಖನ ಬರೆದ. ಅವನೂ ಮನೆ ಕಳೆದುಕೊಂಡ ಪ್ಯಾಲೆಸ್ತೀನಿಯೇ.

ಆದರೆ 2006ರ 'ಹಾಟ್ ಸ್ಪಾಟ್'? ಆಳೆತ್ತರ ಮೀರಿದ ಉಕ್ಕಿನ ಭೂಗೋಳ, ಖಂಡಗಳ ಅಂಚಿಗೆಲ್ಲಾ ಕೆಂಪು ನಿಯಾನ್ ದೀಪ. ನೋಡಲಿಕ್ಕೆ ಬಲು ಸೊಗಸು. ಇಡೀ ಲೋಕವೇ ಉರೀತಿದೆ ಅಂತ ಅರ್ಥ. ಸರಿ, ಇಡೀ ಲೋಕವೇ ಉರೀತಿದೆ ಅಂದರೆ ಬೆಂಕಿ ಹಚ್ಚಿದವನ ಹೆಸರೇನು? ಎಲ್ಲಾ ಕಡೆಯೂ ಉರಿ ಅಂದಾಗ ಯಾವ ಕಡೆಯ ಉರಿಯೂ ಕಾಣೋದಿಲ್ಲ. ಬ್ಯಾಂಕಿನವನೂ, ಬಾಂಬು ಮಾರುವವನೂ ಅದರ ಮುಂದೆ ನಿಂತು 'ಅಯ್ಯೋ ಪಾಪ ಲೋಕವೇ' ಅನ್ನಬಹುದು. ನನ್ನನ್ನು ನನ್ನ ಹುಟ್ಟಿನ ಕತೆಗೇ ಕಟ್ಟಿಹಾಕಬೇಡಿ ಅಂತ ಹಾತೂಮ್ ಸಂದರ್ಶನಗಳಲ್ಲಿ ಹೇಳಿಕೊಂಡು ಬಂದಿದ್ದಾಳೆ. ಅದರಲ್ಲಿ ನ್ಯಾಯವಿದೆ. ಯುರೋಪಿನವನಿಗೆ ಮಾತ್ರ ಮನುಷ್ಯನ ಬಗ್ಗೆ ಮಾತಾಡೋ ಹಕ್ಕು, ಉಳಿದವರು ಅವರವರ ಜಾತಕ ಓದಿಕೊಂಡಿರಬೇಕು ಅನ್ನೋದು ಅನ್ಯಾಯವೇ. ಆದರೂ ಮಣ್ಣಿನಿಂದ ಎದ್ದು ಬಿದ್ದ ಆ ಏಳು ಗಂಟೆಯ ಹೆಂಗಸು ಈ ನಿಯಾನ್ ಗೋಳದಲ್ಲಿ ನನಗೆ ಸಿಗಲಿಲ್ಲ.

ಎರಡರ ನಡುವೆ ಸರಿಯಾದ ಹದದಲ್ಲಿ ನಿಂತಿರುವುದು 1996ರ 'ಪ್ರೆಸೆಂಟ್ ಟೆನ್ಸ್'. ಪೂರ್ವ ಜೆರೂಸಲೇಮಿನ ಅನಾದಿಯೆಲ್ ಎಂಬ ಚಿಕ್ಕ ಗ್ಯಾಲರಿಗೆ ಬಂದು, ಅಲ್ಲಿಯೇ ಸಿಕ್ಕಿದ ವಸ್ತುವಿನಿಂದ ಮಾಡಿದ್ದು. ವಸ್ತು ಯಾವುದು? ಸೋಪು. ನಾಬ್ಲುಸ್ ಊರಿನ ಆಲಿವ್ ಎಣ್ಣೆಯ ಸೋಪು. ನೂರಾರು ವರ್ಷಗಳಿಂದ ಅಲ್ಲಿ ಕುದಿಸಿ, ನೆಲದ ಮೇಲೆ ಹುಯ್ದು, ಆರಿದ ಮೇಲೆ ಬಿಲ್ಲೆ ಬಿಲ್ಲೆಯಾಗಿ ಕೊಯ್ದು ಮಾಡುವ ಕಸುಬು. ಎರಡು ಸಾವಿರಕ್ಕೂ ಹೆಚ್ಚು ಬಿಲ್ಲೆಗಳನ್ನು ನೆಲದ ಮೇಲೆ ಚೌಕವಾಗಿ ಜೋಡಿಸಿದಳು. ಅದರ ಮೇಲೆ ಕೆಂಪು ಗಾಜಿನ ಮಣಿಗಳನ್ನು ಒತ್ತಿ ಒತ್ತಿ ಒಂದು ನಕಾಶೆ ಬರೆದಳು. 1993ರ ಓಸ್ಲೋ ಒಪ್ಪಂದದಂತೆ ಪ್ಯಾಲೆಸ್ತೀನಿಯರಿಗೆ ವಾಪಸು ಬರಬೇಕಿದ್ದ ತುಂಡು ಜಾಗಗಳ ನಕಾಶೆ. ದೂರದಿಂದ ನೋಡಿದರೆ ನಾಡು ಕಾಣೋದಿಲ್ಲ, ಮೈಮೇಲೆ ಗುಳ್ಳೆ ಎದ್ದ ಹಾಗೆ ಕಾಣುತ್ತದೆ. ಒಂದು ತುಂಡಿನಿಂದ ಇನ್ನೊಂದಕ್ಕೆ ದಾರಿ ಇಲ್ಲ.

ನೋಡಲು ಬಂದ ಪ್ಯಾಲೆಸ್ತೀನಿಯರಿಗೆ ಕಣ್ಣಿಗಿಂತ ಮೊದಲು ಮೂಗಿಗೇ ಗೊತ್ತಾಯಿತು ಅಂತ ಹಾತೂಮ್ ಹೇಳಿದ್ದಾಳೆ. ತಮ್ಮ ಮನೆಯ ಬಚ್ಚಲಿನ ವಾಸನೆ ಅದು. ಒಬ್ಬರು ಕೇಳಿದರಂತೆ, ಸೋಪು ಯಾಕೆ, ನೀರು ಬಿದ್ದರೆ ಈ ದರಿದ್ರ ಗಡಿಗಳೆಲ್ಲಾ ಕರಗಿಹೋಗಲಿ ಅಂತಲಾ? ನೋಡಿ, ಇಲ್ಲಿ ವ್ಯಾಖ್ಯಾನಕಾರ ಬೇಕಿಲ್ಲ. ಆ ನಾಡಿನ ದಿನಬಳಕೆಯ ವಸ್ತು, ಆ ನಾಡಿನ ಕಸುಬು, ಆ ನಾಡಿನ ಮೇಲೆ ಹೇರಿದ ಕಾಗದದ ಒಪ್ಪಂದ, ಮೂರೂ ಒಂದೇ ನೆಲದ ಮೇಲೆ. ಕೃತಿಗೆ ಹೆಸರೇ ವರ್ತಮಾನ ಕಾಲ. ಅದನ್ನು ಮಾಡಿದ ಆರು ವರ್ಷಕ್ಕೆ, 2002ರ ಏಪ್ರಿಲ್‌ನಲ್ಲಿ, ಇಸ್ರೇಲಿ ಸೈನ್ಯ ನಾಬ್ಲುಸಿನ ಹಳೇ ಪೇಟೆಗೆ ನುಗ್ಗಿದಾಗ ಹಳೆಯ ಸೋಪಿನ ಕಾರ್ಖಾನೆಗಳೂ ನೆಲಸಮವಾದವು. 2024ರ ಡಿಸೆಂಬರಿನಲ್ಲಿ ಯುನೆಸ್ಕೋ ಆ ಸೋಪಿನ ಕಸುಬನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಪಟ್ಟಿಗೆ ಸೇರಿಸೋ ಕೆಲಸ ಬಹಳ ಅಚ್ಚುಕಟ್ಟಾಗಿ ನಡೆಯುತ್ತದೆ.

ತಾಯಿಯ ಚಿತ್ರದ ಕೊನೆಯ ಕಾಗದದ ಬಗ್ಗೆ ಹೇಳಿ ನಿಲ್ಲಿಸುತ್ತೇನೆ. ಅದರಲ್ಲಿ ತಾಯಿ ಬರೆಯೋದು: ಹತ್ತಿರದ ಅಂಚೆ ಕಛೇರಿ ಕಾರು ಬಾಂಬಿಗೆ ಹಾಳಾಯಿತು, ಅಲ್ಲಿಯತನಕ ನಡೀತಾ ಇದ್ದದ್ದು ಅದೊಂದೇ, ಇನ್ನು ಕಾಗದ ಕಳಿಸೋದು ಹೇಗೋ ಗೊತ್ತಿಲ್ಲ. ಯಾರು ಸತ್ತರು, ಎಷ್ಟು ಜನ, ಅದೇನೂ ಇಲ್ಲ. ಅಂಚೆ ಕಛೇರಿ ಹೋಯಿತು. ಯುದ್ಧವನ್ನು ಹೀಗೂ ಹೇಳಬಹುದು ಅಂತ ನನಗೆ ಗೊತ್ತಿರಲಿಲ್ಲ. ನಾನು ಬರೆದ ಯುದ್ಧವಿರೋಧಿ ಪದ್ಯಗಳಲ್ಲೆಲ್ಲಾ ರಕ್ತ ಧಾರಾಳವಾಗಿ ಹರಿದಿದೆ, ಒಂದರಲ್ಲೂ ಅಂಚೆ ಕಛೇರಿ ಇಲ್ಲ. 2023ರ ಅಕ್ಟೋಬರ್ 27ರ ರಾತ್ರಿ ಗಾಜಾದಲ್ಲಿ ಫೋನು, ಇಂಟರ್‌ನೆಟ್ಟು ಎಲ್ಲಾ ಕಡಿದುಹೋದವು. ಹೊರಗಿದ್ದ ಮಕ್ಕಳಿಗೆ ಒಳಗಿದ್ದ ತಾಯಂದಿರು ಬದುಕಿದ್ದಾರೋ ಇಲ್ಲವೋ ತಿಳಿಯಲಿಲ್ಲ. ಆ ಯುದ್ಧದಲ್ಲಿ ಸತ್ತವರ ಲೆಕ್ಕ ಹತ್ತಾರು ಸಾವಿರ ದಾಟಿತು. ದೂರದ ಅಳತೆ 1988ರಿಂದ ಈಚೆಗೆ ಕಮ್ಮಿಯಾಗಿಲ್ಲ.

ಬರುವ ತಿಂಗಳು ಗೆಳೆಯರೆಲ್ಲಾ ಸೇರಿ ನಮ್ಮ ಊರಿನ ಶಾಲೆಯ ಅಂಗಳದಲ್ಲಿ 'ಅವರು ಅಸ್ತಿತ್ವದಲ್ಲಿಲ್ಲ' ಮತ್ತು ಈ ಚಿತ್ರ ಎರಡನ್ನೂ ಒಂದರ ಹಿಂದೆ ಒಂದು ತೋರಿಸೋದು ಅಂತ ಮಾತಾಗಿದೆ. ಲಾಠಿ ಏಟಿನ ಗೆಳೆಯನೇ ಪರದೆ ಕಟ್ಟುವ ಜವಾಬ್ದಾರಿ ಹೊತ್ತಿದ್ದಾನೆ. ಕಾಗದಗಳನ್ನು ನಾನು ಕನ್ನಡಕ್ಕೆ ಮಾಡಿದ್ದೇನೆ. ಓದಲಿಕ್ಕೆ ಅಲ್ಲಿನ ಒಬ್ಬ ಮೇಷ್ಟ್ರಮ್ಮ ಒಪ್ಪಿದ್ದಾರೆ. ಕನ್ನಡ ಪ್ರತಿಯನ್ನು ಓದಿ ನೋಡಿ ಅವರು ಕೇಳಿದ್ದು ಇದು: "ಇದನ್ನ ಮಗಳು ಓದಿದ ಹಾಗೆ ಸಪ್ಪಗೆ ಓದ್ಲಾ, ಇಲ್ಲಾ ಆ ತಾಯಿ ಬರ್ದ ಹಾಗೆ ಓದ್ಲಾ?" ನನಗೆ ಉತ್ತರ ಹೊಳೀಲಿಲ್ಲ. ಬೆತ್ತಲೆ ಫೋಟೋ ಇದೆ, ಊರಿನಲ್ಲಿ ತೋರಿಸಬಹುದಾ ಅಂತ ನಾನು ತಿರುಗಿ ಕೇಳಿದೆ. ಅವರು ಸ್ವಲ್ಪ ಯೋಚನೆ ಮಾಡಿ, "ತೋರಿಸೋಣ ಬಿಡಪ್ಪ. ಹೆಂಗಸ್ರು ಮುಂದೆ ಕೂತ್ಕೊಳ್ಳಲಿ, ಗಂಡಸ್ರು ಹಿಂದೆ ನಿಂತು ನೋಡ್ಲಿ" ಅಂದರು.